ಹೋತದ ಕೊರಳಿಗೆ ಐಡಿ ಕಾರ್ಡು

ಊಟದ ಪಂಕ್ತಿಯಲ್ಲಿ ಕೂತಾಗ ನನಗೆ ‘ಸಾಕು’ ಅನ್ನಲು ಬರುವುದಿಲ್ಲ. ಬಾಯಲ್ಲೇನೋ ಅನ್ನುತ್ತೇನೆ. ಆದರೆ ನನ್ನ ‘ಸಾಕಿ’ಗೆ ಬಡಿಸುವವರ ಸೌಟನ್ನು ತಡೆಯುವಷ್ಟು ಬಲವಿಲ್ಲ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೆ ಬೆರಳ ಸಂದಿನಲ್ಲೇ ಪಾಯಸ ಇಳಿಯುತ್ತದೆ. ದಿನಚರಿ ಬರೆಯುವ ಅಭ್ಯಾಸವಿರುವುದರಿಂದ ಈ ಸೋಲನ್ನೂ ಲೆಕ್ಕವಿಟ್ಟಿದ್ದೇನೆ. ದಿನಚರಿಯ ಕೊನೆಯ ಹಾಳೆಯಲ್ಲಿ ಎರಡು ಕಾಲಂ ಎಳೆದು, ಒಂದಕ್ಕೆ ‘ಸಾಕು ಅಂದದ್ದು’, ಇನ್ನೊಂದಕ್ಕೆ ‘ನಿಂತದ್ದು’ ಎಂದು ಹೆಸರಿಟ್ಟಿದ್ದೇನೆ. ಹೋದ ಯುಗಾದಿಯಿಂದ ಈಚೆಗೆ ಮೊದಲನೆಯದರಲ್ಲಿ ಮೂವತ್ತೊಂದು ಗೀಟುಗಳಿವೆ. ಎರಡನೆಯದರಲ್ಲಿ ನಾಲ್ಕು. ಆ ನಾಲ್ಕರಲ್ಲಿ ಒಂದು ಸಲ ಪಾತ್ರೆಯೇ ಬರಿದಾಗಿದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂಬ ಅನುಮಾನ ಇನ್ನೂ ಬಗೆಹರಿದಿಲ್ಲ.

ಇದರಲ್ಲಿ ನಗಬೇಕಾದ ಸಂಗತಿ ಏನೆಂದರೆ, ‘ಸಾಕು, ನಿಧಾನ’ ಎಂದು ಹೇಳಿಸುವುದೇ ನನ್ನ ಉದ್ಯೋಗ. ಚಳ್ಳಕೆರೆಯಲ್ಲಿ ಮನೆಮನೆಗೆ ಇಂಟರ್‌ನೆಟ್ ತಂತಿ ಎಳೆಯುವ ಒಂದು ಚಿಕ್ಕ ಕಂಪನಿಯಲ್ಲಿ ಪರದೆಯ ಮುಂದೆ ಕೂತಿರುತ್ತೇನೆ. ಪರದೆಯ ಮೇಲೆ ಗೆರೆಗಳು. ಒಂದು ಮೊಳಕಾಲ್ಮೂರಿಗೆ, ಒಂದು ರಾಂಪುರಕ್ಕೆ, ಒಂದು ದೇವಸಮುದ್ರಕ್ಕೆ. ಬೆಳಿಗ್ಗೆ ಎಲ್ಲವೂ ಹಸಿರಾಗಿರುತ್ತವೆ. ಸಂಜೆ ಜನ ಹೊಲದಿಂದ, ಮಿಲ್ಲಿನಿಂದ, ಮಗ್ಗದಿಂದ ಎದ್ದು ಬಂದು ಕೈಕಾಲು ತೊಳೆದು ಫೋನು ಹಿಡಿಯುವ ಹೊತ್ತಿಗೆ ಗೆರೆಗಳು ಹಳದಿಯಾಗಿ, ಮೆಲ್ಲಗೆ ಕೆಂಪಾಗುತ್ತವೆ. ಕೆಂಪು ಅಂದರೆ ದಾರಿ ತುಂಬಿತು ಎಂದರ್ಥ. ಆಗ ನಾನು ಕುರ್ಚಿಯ ತುದಿಗೆ ಬರುತ್ತೇನೆ. ಯಾರೋ ಗುರುತು ಪರಿಚಯವಿಲ್ಲದವರ ಸಿನಿಮಾ ಅರ್ಧಕ್ಕೆ ನಿಂತರೆ ನನಗ್ಯಾಕೆ ಸಂಕಟವೆಂದು ಅವ್ವ ಕೇಳುತ್ತಾಳೆ.

ನಾನು ಕಂಡುಕೊಂಡ ಹಾಗೆ, ‘ಸಾಕು’ ಎನ್ನುವುದರಲ್ಲಿ ಎರಡು ಬಗೆ. ಒಂದು ಎಲೆಯ ಸಾಕು, ಇನ್ನೊಂದು ದಾರಿಯ ಸಾಕು. ಉಣ್ಣುವವನ ಹೊಟ್ಟೆ ತುಂಬಿತೆಂದರೆ ಅವನೇ ಹೇಳಬೇಕು, ಹೇಳಬಲ್ಲ (ನನ್ನಂಥವರನ್ನು ಬಿಟ್ಟು). ದಾರಿಯ ಸಂಗತಿ ಹಾಗಲ್ಲ. ಕಳಿಸುವವನ ಕೈಯಲ್ಲಿ ಬೇಕಾದಷ್ಟಿದೆ, ಉಣ್ಣುವವನ ಎಲೆಯಲ್ಲಿ ಜಾಗವೂ ಇದೆ, ಆದರೆ ನಡುವಿನ ದಾರಿ ತುಂಬಿ ಹೋಗಿದೆ. ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ಮೊಳಕಾಲ್ಮೂರು ಬಸ್ಸಿನ ಬಾಗಿಲನ್ನು ಒಮ್ಮೆ ನೆನೆಸಿಕೊಳ್ಳಿ. ಒಳಗೆ ಸೀಟು ಖಾಲಿ, ಹೊರಗೆ ಜನ ತಯಾರು, ಬಾಗಿಲಲ್ಲಿ ಮಾತ್ರ ಯಾರೂ ಹತ್ತಲಾಗುತ್ತಿಲ್ಲ, ಎಲ್ಲರೂ ಒಟ್ಟಿಗೇ ಹತ್ತುತ್ತಿದ್ದಾರೆ. ಬಾಗಿಲು ಪಾಪ ಏನು ಹೇಳೀತು, ಯಾರಿಗೆ ಹೇಳೀತು?

ನೀವು ಫೋನಿನಿಂದ ಕಳಿಸುವ ಫೋಟೊ ಇಡಿಯಾಗಿ ಹೋಗುವುದಿಲ್ಲ, ಚೂರು ಚೂರಾಗಿ ಹೋಗುತ್ತದೆ. ಪ್ರತಿ ಚೂರಿನ ಮೇಲೂ ವಿಳಾಸವಿರುತ್ತದೆ. ಅದನ್ನು ಪ್ಯಾಕೆಟ್ ಎನ್ನುತ್ತಾರೆ. ದಾರಿ ಕೂಡುವ ಕಡೆಯಲ್ಲೆಲ್ಲ ರೂಟರ್ ಎಂಬ ಪೆಟ್ಟಿಗೆ ಕೂತು, ನೀನು ಈ ಕಡೆ, ನೀನು ಆ ಕಡೆ ಎಂದು ಅವನ್ನು ಸಾಗಹಾಕುತ್ತಿರುತ್ತದೆ. ಹಿಂದೆ ಈ ರೂಟರ್‌ಗಳು ದಾರಿ ತುಂಬಿದ ಕೂಡಲೇ ಕಳಿಸುವವನಿಗೆ ನೇರವಾಗಿ ಒಂದು ಓಲೆ ಬರೆಯುತ್ತಿದ್ದವು: ನಿಧಾನ ಮಾಡಯ್ಯಾ, ಇಲ್ಲಿ ಜಾಗವಿಲ್ಲ. ಒಳ್ಳೆಯ ಉಪಾಯವೆಂದೇ ತೋರುತ್ತದೆ. ಆದರೆ ನೂಕುನುಗ್ಗಲಿನ ದಾರಿಗೆ ಆ ಓಲೆಗಳೂ ಬಂದು ಸೇರಿ ನೂಕುನುಗ್ಗಲು ಹೆಚ್ಚುತ್ತಿತ್ತು. ಸಭೆಯಲ್ಲಿ ‘ಸದ್ದು ಮಾಡಬೇಡಿ’ ಎಂದು ಕೂಗುವವರ ಸದ್ದೇ ದೊಡ್ಡದಾಗುವುದಿಲ್ಲವೆ, ಹಾಗೆ. ಆ ಪದ್ಧತಿಯನ್ನು ಕೈಬಿಟ್ಟರು. ಇನ್ನೊಂದು ಪದ್ಧತಿ ಒರಟಿನದು. ಜಾಗವಿಲ್ಲದಿದ್ದರೆ ಬಂದ ಪ್ಯಾಕೆಟ್ಟನ್ನು ರೂಟರ್ ಎತ್ತಿ ಎಸೆದುಬಿಡುತ್ತದೆ. ‘ಮುಟ್ಟಿತು’ ಎಂಬ ಉತ್ತರ ಬರದಿದ್ದಾಗ ಕಳಿಸಿದವನು ತಾನೇ ಊಹಿಸಿ ವೇಗ ತಗ್ಗಿಸುತ್ತಾನೆ. ಅಲ್ಲಿ ಸಾವೇ ಸುದ್ದಿ.

ಮೂರನೆಯದು ನನಗೆ ಬಲು ಇಷ್ಟದ್ದು. ದಾರಿ ಪೂರ್ತಿ ತುಂಬುವ ಮೊದಲೇ, ತುಂಬುವ ಸೂಚನೆ ಕಂಡ ಕೂಡಲೇ, ರೂಟರ್ ಹಾದುಹೋಗುವ ಒಂದು ಪ್ಯಾಕೆಟ್ಟಿನ ಹಣೆಗೆ ಚಿಕ್ಕ ಗುರುತು ಹಚ್ಚಿ ಮುಂದಕ್ಕೆ ಬಿಡುತ್ತದೆ. ಹಿಂದಕ್ಕಲ್ಲ, ಮುಂದಕ್ಕೆ. ಪಡೆಯುವವನು ಗುರುತು ನೋಡಿ, ‘ಮುಟ್ಟಿತು’ ಎಂದು ಹೇಗೂ ಕಳಿಸಬೇಕಾದ ಉತ್ತರದಲ್ಲೇ ‘ದಾರಿಯಲ್ಲಿ ಕಷ್ಟವಿದೆಯಂತೆ’ ಎಂದು ಸೇರಿಸುತ್ತಾನೆ. ಕಳಿಸುವವನು ಆಗ ಅರ್ಧಕ್ಕೆ ಇಳಿಸಿ, ಮತ್ತೆ ಒಂದೊಂದೇ ಏರಿಸುತ್ತ ಹೋಗುತ್ತಾನೆ. ಯಾರೂ ಸಾಯುವುದಿಲ್ಲ, ಯಾರೂ ಕೂಗುವುದಿಲ್ಲ. ಇದನ್ನು ಮೊದಲ ಸಲ ಓದಿದ ದಿನ ದಿನಚರಿಯಲ್ಲಿ ‘ಇದು ಸಭ್ಯತೆ’ ಎಂದು ಬರೆದು ಅಡಿಗೆರೆ ಎಳೆದಿದ್ದೇನೆ.

ಹಾಳೆಯ ಮೇಲೆ ಬರೆದ ಈ ಸಭ್ಯತೆಯನ್ನು ನಾನೇ ಕಣಿವೆಯೊಂದರಲ್ಲಿ ನಿಂತು ನಡೆಸಬೇಕಾಯಿತು. ಶೇಂಗಾ ಕಿತ್ತು ಮುಗಿದ ಮೇಲಿನ ಒಂದು ಬುಧವಾರ, ಕುರಿಗಳ ನಡುವೆ.

ಅವ್ವನ ತಮ್ಮ ಓಬಯ್ಯ ಮಾವನದು ದೇವಸಮುದ್ರದ ಆಚೆಗಿನ ಹಟ್ಟಿ. ಕುರಿಯೇ ಅವನ ಬದುಕು. ಹಟ್ಟಿಯ ಬಯಲಿಗೂ ದನಕುರಿ ನೀರು ಕುಡಿಯುವ ಗೋಕಟ್ಟೆಗೂ ನಡುವೆ ಎರಡು ಬಂಡೆಗುಡ್ಡಗಳಿವೆ, ಅವುಗಳ ನಡುವೆ ಒಂದು ಕಣಿವೆ ದಾರಿ. ನಡುಮಧ್ಯೆ ಬಂಡೆಗಳು ಹತ್ತಿರ ಬಂದು ಒಂದು ಸಂದು ಆಗಿದೆ. ಅಲ್ಲಿ ಕುರಿಗಳು ಎರಡೆರಡೇ ದಾಟಬೇಕು. ಪಶು ಇಲಾಖೆಯ ಗಾಡಿ ಬಂದು ನಿಲ್ಲುವುದು ಗೋಕಟ್ಟೆಯ ಕಡೆ. ಗಾಡಿ ಈಚೆ ಬರಲಾರದು, ಆದ್ದರಿಂದ ಕುರಿಗಳೇ ಆಚೆ ಹೋಗಬೇಕು. ಹಿಂದಿನ ಸಲ ಲಸಿಕೆಗೆ ಹೋದಾಗ ಎರಡು ಮೂರು ಹಟ್ಟಿಯವರು ಒಟ್ಟಿಗೆ ಕುರಿ ನುಗ್ಗಿಸಿ, ಆ ಸಂದಿನಲ್ಲಿ ಮಾವನ ಎರಡು ಮರಿಗಳು ಕಾಲಡಿ ಸಿಕ್ಕು ಸತ್ತಿದ್ದವು. ಗಬ್ಬದ ಒಂದು ಕುರಿ ಕಂದು ಹಾಕಿತ್ತು.

ಈ ಸಲ ಮಾವನ ಹೆಂಡತಿ ಬೋರಮ್ಮತ್ತೆ ಆಫೀಸಿಗೇ ಫೋನು ಮಾಡಿದಳು. “ಅಳಿಯಾ, ನಿಮ್ಮ ಮಾವ ಕುರಿ ಹೊಡಕಂಡ್ ಹೋಗಲ್ಲ ಅಂತ ಕುಂತಾರೆ. ಮತ್ತೆ ಮರಿ ತುಳಿಸಾಕೆ ನಾನೇನ್ ಹುಚ್ಚನಾ ಅಂತಾರೆ. ಗಡಿ ಆಚೆ ಊರಿಗೆ ಸಿಡುಬು ಬಂದೈತೆ. ಸೂಜಿ ಹಾಕಿಸದಿದ್ರೆ ಇರೋವೆಲ್ಲ ಹೋಗ್ತಾವೆ. ನೀನಾದ್ರೂ ಬಂದ್ ಹೇಳಪ್ಪ.”

ಹೀಗೆ ಎರಡೂ ಕಡೆ ಸಾವು ನಿಂತಿತ್ತು. ಹೋದರೆ ಕಣಿವೆಯಲ್ಲಿ ಮರಿಗಳು, ಹೋಗದಿದ್ದರೆ ಇಡೀ ಹಿಂಡು. ನಾನು ರಜೆ ಹಾಕಿ ಹೋದೆ. ಹೋಗಿ ಮಾವನಿಗೆ ರೂಟರಿನ ಕತೆ ಹೇಳಿದೆ. ಮಾವ ಹಟ್ಟಿಯ ಬಯಲಿನಲ್ಲಿ ನಿಂತು ಇಪ್ಪತ್ತಿಪ್ಪತ್ತರ ತಂಡ ಮಾಡಿ ಕಳಿಸುವುದು. ತಂಡದ ಮುಂದೆ ಗಂಟೆ ಕಟ್ಟಿದ ಒಂದು ಹೋತ. ಕುರಿಗಳಿಗೆ ಮುಂದಾಳು ಯಾವಾಗಲೂ ಹೋತವೇ. ನಾನು ಸಂದಿನಲ್ಲಿ. ಅತ್ತೆ ಗೋಕಟ್ಟೆಯ ಹತ್ತಿರ, ಡಾಕ್ಟರ ಗಾಡಿಯ ಪಕ್ಕ. ಕಣಿವೆಯೊಳಗೆ ಫೋನಿಗೆ ಸಿಗ್ನಲ್ ಇಲ್ಲ, ಎರಡು ತುದಿಯಲ್ಲೂ ಇದೆ. ಹಾಗಾಗಿ ಸಂದು ತುಂಬುವ ಹಾಗೆ ಕಂಡರೆ ನಾನು ಒಂದು ಕುರಿಯ ಬೆನ್ನಿಗೆ ಕೆಂಪು ಬಣ್ಣ ಹಚ್ಚಿ ಬಿಡುತ್ತೇನೆ. ಬೆನ್ನ ಮೇಲೆ ಕೆಂಪು ಕಂಡ ಕೂಡಲೇ ಅತ್ತೆ ಮಾವನಿಗೆ ಫೋನು ಮಾಡಬೇಕು, ಮಾವ ತಂಡವನ್ನು ಅರ್ಧ ಮಾಡಬೇಕು. ಕೆಂಪೇ ಯಾಕೆಂದರೆ, ನನ್ನ ಪರದೆಯ ಮೇಲೆ ಕಷ್ಟದ ಬಣ್ಣ ಕೆಂಪು. ಇದಕ್ಕಿಂತ ಹೆಚ್ಚು ನಾನು ಯೋಚಿಸಿರಲಿಲ್ಲ. ಬಣ್ಣ ಯಾವುದೆಂದು ಹೇಳಿದ್ದು ಅತ್ತೆಗೆ ಮಾತ್ರ, ಮಾವನಿಗೆ ‘ಗುರುತು’ ಎಂದಷ್ಟೇ ಹೇಳಿದೆ.

ಮಾವ ಕಂಬಳಿ ಹೆಗಲಿಗೆ ಹಾಕಿಕೊಂಡು ಪೂರ್ತಿ ಕೇಳಿದ. “ಲೇ ಅಳಿಯಾ, ನಿನ್ನ ತಂತಿಯಾಗೆ ಹೋಗೋವಕ್ಕೆ ಅವ್ವ ಇರಲ್ಲ. ಇವಕ್ಕೆ ಐತೆ. ಮರಿ ಹಿಂದೆ ಬಿತ್ತಂದ್ರೆ ಕುರಿ ಸಂದಿನಾಗೇ ತಿರುಗಿ ನಿಲ್ತೈತೆ. ಅದಕ್ಕೇನ್ ಮಾಡ್ತೀ?”

“ತಾಯಿ ಮರಿ ಜೊತೆಗೇ ಕಳಿಸು ಮಾವ. ಗಬ್ಬದವು ಹಟ್ಟಿಯಾಗೇ ಇರಲಿ ಅಂದಾರೆ ಡಾಕ್ಟ್ರಮ್ಮ.”

“ಒಂದು ಮರಿ ಸತ್ರೂ...” ಎನ್ನುತ್ತಲೇ ಮಾವ ಹೋತಗಳಿಗೆ ಗಂಟೆ ಕಟ್ಟತೊಡಗಿದ.

ಅಷ್ಟರಲ್ಲಿ ಪಕ್ಕದ ಹಟ್ಟಿಯ ಪಾಲಯ್ಯ ಬಂದ. ಅವನ ಹಿಂಡು ಇನ್ನೂ ಗುಡ್ಡದ ಹಿಂದಿತ್ತು. ಅರ್ಧ ತೆಲುಗು, ಅರ್ಧ ಕನ್ನಡದ ಮನುಷ್ಯ. “ಏಮಯ್ಯಾ ಓಬಯ್ಯ, ನಿನ್ನ ಅಳಿಯ ಕುರಿಗೂ ಕನೆಕ್ಷನ್ ಕೊಡಾಕೆ ಬಂದಾನಂತೆ? ತಿಂಗಳಿಗೆ ಎಷ್ಟಪ್ಪಾ?” ಎಂದ. ನಾವು ಹೇಳಿದ್ದಕ್ಕೆಲ್ಲ ತಲೆಯಾಡಿಸಿದ. ಫೋನು ನಂಬರು ಕೇಳಿದರೆ, “ನಂದು ಮಗ ತಗಂಡ್ ಹೋಗ್ಯಾನೆ. ಓಬಯ್ಯನ ಪಕ್ಕದಾಗೇ ಇರ್ತೀನಲ್ಲ, ಅವನು ನಿಲ್ಲಿಸಿದ್ರೆ ನಾನೂ ನಿಲ್ಲಿಸ್ತೀನಿ” ಎಂದ. ನಾನು ಒಪ್ಪಿಕೊಂಡೆ. ಎಲ್ಲ ಜಾಲಗಳೂ ಇಂಥದೇ ನಂಬಿಕೆಯ ಮೇಲೆ ನಡೆಯುತ್ತವೆ ಎಂಬುದು ಓದಿ ತಿಳಿದಿತ್ತಲ್ಲ.

ಮೊದಲ ತಂಡಗಳು ಎಷ್ಟು ಚೆನ್ನಾಗಿ ಬಂದವೆಂದರೆ ನನಗೆ ಸಂಬಳ ಹೆಚ್ಚಿಸಬೇಕು ಅನ್ನಿಸಿತು. ಬಂಡೆಗೆ ಬೆನ್ನು ಕೊಟ್ಟು ಬಣ್ಣದ ಡಬ್ಬಿ ಹಿಡಿದು ನಿಂತಿದ್ದೆ. ಗಂಟೆಯ ಸದ್ದು ಮೊದಲು, ಆಮೇಲೆ ಧೂಳು, ಆಮೇಲೆ ಕುರಿ. ಒಂದು ಸಲ ಸಂದಿನಲ್ಲಿ ಕುರಿಗಳು ಮೈಗೆ ಮೈ ಒತ್ತಿದವು. ಒಂದರ ಬೆನ್ನಿಗೆ ಕೆಂಪು ಬಳಿದು ಬಿಟ್ಟೆ. ಸ್ವಲ್ಪ ಹೊತ್ತಿಗೆ ಬಂದ ತಂಡ ಚಿಕ್ಕದಾಗಿತ್ತು! ಕಾಣದ ಅತ್ತೆಯ ಫೋನು, ಕಾಣದ ಮಾವನ ಕೈ, ಎರಡೂ ನನ್ನ ಒಂದು ಬೆರಳಿನ ಗುರುತಿಗೆ ಓಗೊಟ್ಟಿದ್ದವು. ಆಮೇಲಿನ ತಂಡದಲ್ಲಿ ಒಂದು ಜೋಡಿ ಹೆಚ್ಚು. ಅದರ ಮೇಲಿನದರಲ್ಲಿ ಇನ್ನೊಂದು ಜೋಡಿ. ನಾನು ಒಬ್ಬನೇ ನಕ್ಕೆ.

ಆಗ ಪಾಲಯ್ಯನ ಮೊದಲ ತಂಡ ಬಂತು. ಪ್ರತಿ ಕುರಿಯ ಬೆನ್ನ ಮೇಲೂ ಅಡ್ಡಕ್ಕೆ ಒಂದು ಕೆಂಪು ಪಟ್ಟೆ ಇತ್ತು.

ಮಾವನ ಕುರಿಗೆ ಕಿವಿಯ ಕೊಯ್ತವೇ ಗುರುತು. ಚಿಕ್ಕಂದಿನಿಂದ ನೋಡಿದ್ದು ಅದನ್ನೇ. ಕುರಿಗೆ ಗುರುತು ಅಂದರೆ ಕಿವಿ ಎಂದೇ ನನ್ನ ತಲೆಯಲ್ಲಿತ್ತು. ಬಣ್ಣ ಬಳಿಯುವ ಹಟ್ಟಿಗಳೂ ಇವೆಯೆಂಬುದು ಗೊತ್ತಿರಲಿಲ್ಲವೆಂದಲ್ಲ, ಹೊಳೆದಿರಲಿಲ್ಲ. ಕುರಿಗಾರರ ಮನೆಯಲ್ಲಿ ಹುಟ್ಟಿ, ಕುರಿಯ ಬೆನ್ನಿಗೆ ಕೆಂಪು ಹಚ್ಚಿದರೆ ಅದಕ್ಕೆ ಮೊದಲೇ ಒಂದು ಅರ್ಥವಿರಬಹುದೆಂದು ಯೋಚಿಸದವನು ಆ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಇಪ್ಪತ್ತು ಕೆಂಪು ಪಟ್ಟೆಗಳು ನನ್ನ ಕಣ್ಣೆದುರೇ ತಿರುವು ದಾಟಿ ಗೋಕಟ್ಟೆಯತ್ತ ಹೋದವು. ಕೂಗಿದರೆ ಬಂಡೆಗೆ ಬಡಿದು ನನ್ನ ದನಿಯೇ ವಾಪಸು ಬಂತು. ಫೋನು ತೆಗೆದೆ, ಸಿಗ್ನಲ್ ಇಲ್ಲ. ಅಂಥ ಹೊತ್ತಿನಲ್ಲಿ ಫೋನನ್ನು ತಲೆಯ ಮೇಲೆ ಎತ್ತಿ ಹಿಡಿಯುವುದು ನಮ್ಮ ಕಾಲದ ಪ್ರಾರ್ಥನೆ, ಅದನ್ನೂ ಮಾಡಿದೆ. ಅತ್ತೆಯ ಹತ್ತಿರ ಓಡಿಹೋಗೋಣವೆಂದರೆ ಸಂದು ಬರಿದಾಗುತ್ತದೆ. ಮಾವನತ್ತ ಓಡಿದರೂ ಅಷ್ಟೆ. ರೂಟರ್ ಜಾಗ ಬಿಟ್ಟು ಹೋಗುವ ಹಾಗಿಲ್ಲ. ಎಲ್ಲಿ ಕಷ್ಟವೆಂಬುದು ಅದಕ್ಕೊಂದಕ್ಕೇ ಗೊತ್ತು, ಹೇಳುವ ಬಾಯಿ ಮಾತ್ರ ಇಲ್ಲ.

ಆಮೇಲೆ ಸದ್ದೇ ಇಲ್ಲ.

ಗಂಟೆ ಇಲ್ಲ, ಧೂಳಿಲ್ಲ. ಕಣಿವೆ ಖಾಲಿ. ಬಿಸಿಲು ಬಂಡೆಯಿಂದ ಬಂಡೆಗೆ ಏರುತ್ತಿತ್ತು. ತುಂಬಿದ ದಾರಿಗಿಂತ ಬರಿದಾದ ದಾರಿ ಹೆಚ್ಚು ಹೆದರಿಸುತ್ತದೆ ಎಂದು ಆ ದಿನ ತಿಳಿಯಿತು. ಆಫೀಸಿನಲ್ಲಿ ಗೆರೆ ಕೆಂಪಾದರೆ ಒಂದು ಬೈಗುಳ ಸಾಕು, ಗೆರೆ ಮಾಯವಾದರೆ ಎಲ್ಲರೂ ಎದ್ದು ನಿಲ್ಲುತ್ತೇವೆ. ಆ ಕಡೆ ಏನು ನಡೆದಿರಬಹುದೆಂದು ಊಹಿಸಬಲ್ಲವನಾಗಿದ್ದೆ. ಯಾವುದು ಪಾಲಯ್ಯನ ಪಟ್ಟೆ, ಯಾವುದು ನನ್ನ ಗುರುತು ಎಂದು ಬಿಡಿಸಲಾಗದೆ ಅತ್ತೆ ಪಟ್ಟೆಯೊಂದಕ್ಕೆ ಒಂದರಂತೆ ಫೋನು ಮಾಡುತ್ತಿದ್ದಾಳೆ. ಮಾವ ಹೇಳಿದ ಮಾತಿಗೆ ತಪ್ಪದವನು. ಹದಿನಾಲ್ಕು ಏಳಾಗಿ, ಏಳು ಮೂರಾಗಿ, ನಿಂತೇಬಿಟ್ಟಿದ್ದಾನೆ. ಡಾಕ್ಟ್ರಮ್ಮ ಬೆಳಿಗ್ಗೆಯೇ ಹೇಳಿದ್ದರು, ಲಸಿಕೆಯ ಸೀಸೆ ಒಮ್ಮೆ ಕಲಸಿದರೆ ಬಹಳ ಹೊತ್ತು ಇಡುವ ಹಾಗಿಲ್ಲ, ಕುರಿ ಬರಬೇಕು, ಇಲ್ಲವೇ ಚೆಲ್ಲಬೇಕು. ನಾನು ಮರಿ ಉಳಿಸಲು ಮಾಡಿದ ಏರ್ಪಾಟು ಹಿಂಡನ್ನೇ ಕಳೆಯುವ ಹಾದಿ ಹಿಡಿದಿತ್ತು.

ನನ್ನ ಊಹೆಗೆ ಸಿಕ್ಕದಿದ್ದದ್ದು ಪಾಲಯ್ಯ. ಸಭ್ಯತೆಯ ಜಾಲಗಳಲ್ಲಿ ಇದೊಂದು ಹಳೆಯ ರೋಗ. ಗುರುತಿಗೆ ಬೆಲೆ ಕೊಟ್ಟು ನಿಧಾನ ಮಾಡಿದವನಿಂದ ತೆರವಾದ ಜಾಗವನ್ನು, ಬೆಲೆ ಕೊಡದವನು ಬಂದು ತುಂಬುತ್ತಾನೆ. ಒಳ್ಳೆಯವನ ತಾಳ್ಮೆ ಕೆಟ್ಟವನ ರಾಜಮಾರ್ಗ. ಪಾಲಯ್ಯ ಕೆಟ್ಟವನೂ ಅಲ್ಲ, ಅವಸರದವನು. ಮಾವ ನಿಂತದ್ದು ಕಂಡ, ದಾರಿ ಖಾಲಿ ಇರುವುದು ಕಂಡ. “ಖಾಲಿ ದಾರಿ ಕಾಯ್ಕಂಡ್ ಕುಂತ್ರೆ ಸೂಜಿ ಮುಗೀತೈತೆ, ಪದ ಪದ!” ಎಂದು ತೆಲುಗಿನಲ್ಲಿ ಕುರಿಗಳನ್ನು ಅವಸರಿಸುತ್ತ ಉಳಿದ ಹಿಂಡನ್ನು ಇಡಿಯಾಗಿ ಹೊಡೆದ. ಇದು ಆಮೇಲೆ ಮಾವ ಹೇಳಿದ್ದು. ಅವನು ಕೂಗಿದರೂ ಕೇಳಲಿಲ್ಲವಂತೆ.

ನನಗೆ ಮೊದಲು ಕೇಳಿದ್ದು ಒಂಟಿ ಗಂಟೆ. ಮಾವ ನಿಲ್ಲಿಸುವ ಮೊದಲು ಕಳಿಸಿದ್ದ ಕೊನೆಯ ಮೂರು ಕುರಿಗಳ ಮುಂದೆ ಕರಿ ಹೋತ ಬರುತ್ತಿತ್ತು, ಮೆಲ್ಲಗೆ, ಯಾರಪ್ಪನ ಗೊಡವೆಯೂ ಇಲ್ಲದ ಹಾಗೆ. ಅದರ ಬೆನ್ನ ಹಿಂದೆ ಒಂದು ಸದ್ದು. ಮಳೆ ದೂರದ ಬಯಲಿನ ಮೇಲೆ ಬರುವಂಥದು. ಬಂಡೆಯ ಮೇಲೆ ಹತ್ತಿ ನೋಡಿದೆ. ಕಣಿವೆಯ ಬಾಯಿಯ ತುಂಬ ಧೂಳು, ಧೂಳಿನ ತುಂಬ ಕೆಂಪು ಪಟ್ಟೆಗಳು.

ಡಬ್ಬಿಯ ಬಣ್ಣಕ್ಕೆ ಇನ್ನು ಅರ್ಥವಿಲ್ಲ. ಕೆಂಪು ಅಲ್ಲದ್ದು ಏನಿದೆ? ಬೇವಿನ ಟೊಂಗೆ ಕಟ್ಟೋಣವೆಂದರೆ ಹಿಂದಿನ ಕುರಿ ತಿಂದುಬಿಡುತ್ತದೆ. ದಾರಿಯಲ್ಲಿ ಗುರುತು ಅಳಿಸಿಬಿಡುವ ಹಳೇ ಪೆಟ್ಟಿಗೆಗಳು ನಮ್ಮ ಜಾಲದಲ್ಲೂ ಇವೆ, ಅದು ನೆನಪಾಗಿ ಆ ಹೊತ್ತಿನಲ್ಲೂ ಸಿಟ್ಟು ಬಂತು. ಕೈ ಎದೆಗೆ ಹೋಯಿತು. ಅಲ್ಲಿ ನನ್ನ ಐಡಿ ಕಾರ್ಡು ತೂಗುತ್ತಿತ್ತು. ರಜೆಯ ದಿನ ಕುರಿ ಕಾಯಲು ಬರುವಾಗಲೂ ಹಾಕಿಕೊಂಡು ಬಂದಿದ್ದೆ. ಬೆಳಿಗ್ಗೆ ಮುಖ ತೊಳೆದ ಮೇಲೆ ಕೈ ತಾನೇ ಅದನ್ನು ಕೊರಳಿಗೆ ಹಾಕುತ್ತದೆ. ನೀಲಿ ಪಟ್ಟಿ, ಪ್ಲಾಸ್ಟಿಕ್ಕಿನೊಳಗೆ ನನ್ನ ಫೋಟೊ. ತೆಗೆದು ಹೋತದ ಕೊರಳಿಗೆ ಹಾಕಿ, ಕೊಂಬಿಗೆ ಒಂದು ಸುತ್ತು ಸುತ್ತಿ, ಅದರ ಹಿಂಭಾಗಕ್ಕೆ ಬಲವಾಗಿ ಹೊಡೆದೆ. ಹೋತ ನನ್ನನ್ನೊಮ್ಮೆ ತಿರುಗಿ ನೋಡಿ ಓಡಿತು. ನನ್ನ ಫೋಟೊ ಅದರ ಎದೆಯ ಮೇಲೆ ಕುಣಿಯುತ್ತ ತಿರುವಿನಲ್ಲಿ ಮರೆಯಾಯಿತು.

ಗುರುತು ಹೋದ ಕೂಡಲೇ ಕಷ್ಟ ತಗ್ಗುವುದಿಲ್ಲ. ಹೊತ್ತು ಹೋದಷ್ಟೂ ಹೆಚ್ಚುತ್ತದೆ. ಹೋತ ಮುಟ್ಟಬೇಕು, ಅತ್ತೆ ನೋಡಬೇಕು, ನೋಡಿದ್ದು ಅರ್ಥವಾಗಬೇಕು, ಫೋನು ಸಿಗಬೇಕು. ಅಲ್ಲಿಯವರೆಗೆ, ಆಗಲೇ ಹೊರಟದ್ದೆಲ್ಲ ಬರುತ್ತಲೇ ಇರುತ್ತದೆ. ಸಂದಿಗೆ ಮುಳ್ಳಿನ ಕೊಂಬೆ ಅಡ್ಡ ಎಳೆಯಲು ಹೋದವನು ಕೈ ಬಿಟ್ಟೆ. ಮುಂದಿನ ಕುರಿಗಳನ್ನು ಹಿಂದಿನವು ಮುಳ್ಳಿಗೇ ಒತ್ತುತ್ತಿದ್ದವು. ಸಂದಿನ ಬದಿಗೆ ಅಂಟಿಕೊಂಡು, “ಹುರ್ರ್, ಹುರ್ರ್” ಎನ್ನುತ್ತ ಎರಡೆರಡನ್ನೇ ದಾಟಿಸುತ್ತ ಹೋದೆ. ಒಂದು ತಾಯಿಕುರಿ ದಾಟಿದ್ದೇ ತಿರುಗಿ ನಿಂತಿತು. ಮಾವ ಹೇಳಿದ್ದ ಹಾಗೆಯೇ. ಅದು ಕೂಗುತ್ತಿತ್ತು, ಅದರ ಹಿಂದೆ ಹಿಂಡು ಒಂದರ ಮೇಲೊಂದು ಏರತೊಡಗಿತು. ಬಗ್ಗಿ ನೋಡಿದರೆ ಕಾಲುಗಳ ಕಾಡಿನೊಳಗೆ ಒಂದು ಬಿಳಿ ಮರಿ ಮಗ್ಗುಲಾಗಿ ಬಿದ್ದಿತ್ತು.

ಹೇಗೆ ಕೈ ಹಾಕಿದೆನೋ ನೆನಪಿಲ್ಲ. ಮೊಣಕೈಗೆ, ಮುಖಕ್ಕೆ ಗೊರಸು ಬಿದ್ದವು. ಮರಿಯ ಹಿಂಗಾಲು ಸಿಕ್ಕಿತು, ಎಳೆದು ಎತ್ತಿ ಬಂಡೆಯ ಮೇಲೆ ಇಟ್ಟೆ. ಅದು ಒದ್ದೆ ಬಟ್ಟೆಯ ಹಾಗೆ ಬಿದ್ದುಕೊಂಡಿತು. ಬಾಯಿ ತೆರೆದಿತ್ತು. ಅದರ ಎದೆಗೆ ಕೈ ಒತ್ತಿ ಹಿಡಿದೆ. ಕೆಳಗೆ ಒತ್ತಡ ಏರುತ್ತಲೇ ಇತ್ತು. ಇನ್ನೊಂದು ಬಿದ್ದರೆ ನನಗೆ ಇಳಿಯಲು ಜಾಗವಿರಲಿಲ್ಲ. ಒಂದು ಗುರುತು ಕಳಿಸಿದ್ದೇನೆ, ಅಷ್ಟೆ, ಅದನ್ನು ಯಾರಾದರೂ ನೋಡಲಿ, ಯಾರಾದರೂ ನೋಡಲಿ ಎಂದು ನಾನು ಬಾಯಿಬಿಟ್ಟೇ ಹೇಳುತ್ತಿದ್ದೆನೆಂದು ತೋರುತ್ತದೆ.

ಗೋಕಟ್ಟೆಯಲ್ಲಿ ಹೋತ ಹೋಗಿ ನಿಂತದ್ದು ಡಾಕ್ಟ್ರಮ್ಮನ ಎದುರಿಗೇ ಅಂತೆ. ಅವರು ಕಾರ್ಡು ಹಿಡಿದು ಫೋಟೊ ನೋಡಿ, “ಬೋರಮ್ಮ, ಇವರಿಗೂ ಸೂಜಿ ಹಾಕ್ಬೇಕಾ?” ಎಂದರಂತೆ. ಅತ್ತೆ ನಗಲಿಲ್ಲ. “ಅಯ್ಯೋ, ನಮ್ಮ ಅಳಿಯ ಮಲಗೋವಾಗ್ಲೂ ಇದನ್ನ ತೆಗೆಯಲ್ಲ ಕಣ್ರಿ. ತೆಗ್ದಾನೆ ಅಂದ್ರೆ ಅಲ್ಲಿ ಏನೋ ಆಗೈತೆ” ಎಂದವಳೇ ಫೋನು ಒತ್ತಿದಳು. ಮಾವ ಫೋನು ಇಟ್ಟವನೇ ಪಾಲಯ್ಯನ ಹಿಂಡಿನ ಬಾಲವನ್ನು ಅಡ್ಡಗಟ್ಟಿ, ಹೆಗಲ ಕಂಬಳಿ ಬಿಚ್ಚಿ ಎರಡೂ ಕೈಯಲ್ಲಿ ಅಗಲಿಸಿ ಗೋಡೆಯ ಹಾಗೆ ನಿಂತ. ಇನ್ನೂ ಕಣಿವೆಗೆ ಬೀಳದ ಕುರಿಗಳು ಕಂಬಳಿ ಕಂಡು ಬೆದರಿ, ಪಕ್ಕದ ಖಾಲಿ ಶೇಂಗಾ ಹೊಲಕ್ಕೆ ಹೊರಳಿದವು. ಪಾಲಯ್ಯ ಬೈಯುತ್ತ ಬಂದವನು ಮಾವನ ಮುಖ ನೋಡಿ ತಾನೂ ಪಕ್ಕಕ್ಕೆ ನಿಂತು ಕುರಿ ತಡೆದ.

ನನಗೆ ಇದೊಂದೂ ಕಾಣಲಿಲ್ಲ. ಕಂಡದ್ದು ಇಷ್ಟೆ: ಮೊದಲು ಹಿಂದಿನ ಧೂಳು ತೆಳುವಾಯಿತು. ಆಮೇಲೆ ಕುರಿಗಳ ಕೂಗು ತಗ್ಗಿತು. ಒಂದರ ಮೇಲೊಂದು ಏರಿದ್ದವು ಕೆಳಗಿಳಿದವು. ಕುರಿ ಕುರಿಯ ನಡುವೆ ಒಂದು ಕೈಯಗಲ ನೆಲ ಕಂಡಿತು. ಆ ಕೈಯಗಲ ನೆಲದಷ್ಟು ಚೆಲುವಾದ ನೋಟವನ್ನು ನಾನು ಇಲ್ಲಿಯವರೆಗೆ ನೋಡಿಲ್ಲ. ತಾಯಿಕುರಿ ಸುತ್ತ ಒಮ್ಮೆ ತಿರುಗಿ, ತಲೆಯೆತ್ತಿ ಬಂಡೆಯ ಮೇಲಕ್ಕೆ ಕೂಗಿತು. ನನ್ನ ಕೈಯಡಿಯಲ್ಲಿ ಮರಿ ಒಮ್ಮೆ ಒದೆಯಿತು. ಇನ್ನೊಮ್ಮೆ ಒದೆಯಿತು. ಕೆಮ್ಮಿತು. ಕೆಳಗಿಳಿಸಿದಾಗ ಕುಂಟುತ್ತ ಹೋಗಿ ತಾಯಿಯ ಹೊಟ್ಟೆಯಡಿ ತಲೆ ತೂರಿಸಿತು. ಅದರ ಬೆನ್ನ ಮೇಲೆ ಪುಟ್ಟ ಕೆಂಪು ಪಟ್ಟೆಯಿತ್ತು. ಪಾಲಯ್ಯನ ಮರಿ.

ಆಮೇಲೆ ಎಲ್ಲ ನಿಯಮದ ಪ್ರಕಾರವೇ ನಡೆಯಿತು. ನಾಲ್ಕು, ನಾಲ್ಕಾದ ಮೇಲೆ ಆರು, ಆರಾದ ಮೇಲೆ ಎಂಟು. ಪಾಲಯ್ಯ ಮಾವನ ಪಕ್ಕದಲ್ಲೇ ನಿಂತು ತಾನೇ ಎಣಿಸಿ ಬಿಡುತ್ತಿದ್ದನಂತೆ. ಚೆಲ್ಲಿದ್ದು ಒಂದು ಸೀಸೆ ಮಾತ್ರ, ಡಾಕ್ಟ್ರಮ್ಮ ಐಸ್ ಪೆಟ್ಟಿಗೆಯಿಂದ ಇನ್ನೊಂದು ತೆಗೆದರು. ಬಿಸಿಲು ನೆತ್ತಿ ದಾಟುವ ಹೊತ್ತಿಗೆ ಎರಡೂ ಹಿಂಡಿಗೆ ಸೂಜಿ ಮುಗಿದಿತ್ತು. ಒಂದು ಮರಿಯೂ ಸತ್ತಿರಲಿಲ್ಲ.

ಗೋಕಟ್ಟೆಯ ಹತ್ತಿರ ಪಾಲಯ್ಯ ಕುಂಟುವ ಮರಿಯನ್ನು ಎತ್ತಿ ಕಾಲು ಸವರಿ ನೋಡಿದ. ನನ್ನತ್ತ ನೋಡಲಿಲ್ಲ. ಹೋತವನ್ನು ನೋಡಿದ. “ಓಬಯ್ಯ, ನಿನ್ನ ಹೋತಕ್ಕೆ ನೌಕರಿ ಆಗೈತಲ್ಲಪ್ಪಾ. ನಾಳೆಯಿಂದ ಮೇಯಾಕೆ ಬರ್ತೈತೋ, ಆಫೀಸಿಗೆ ಹೋಗ್ತೈತೋ?” ಎಂದ. ಆಮೇಲೆ ಮಾವನ ಕೈಗೆ ಬೀಡಿ ಕಟ್ಟು ಕೊಟ್ಟ. ಅವರ ನಡುವೆ ಅದು ಬಹಳ ಮಾತು.

ಜಾಲಿ ಮರದ ನೆರಳಿನಲ್ಲಿ ಅತ್ತೆ ಬುತ್ತಿ ಬಿಚ್ಚಿದಳು. ಮುದ್ದೆ, ಹುರುಳಿ ಸಾರು, ಈರುಳ್ಳಿ. ಮಾವ ನನ್ನ ಎದುರಿಗೆ ಕೂತ. ಹೆದರಿಕೆ ಇಳಿದ ಮೇಲೆ ಬರುವ ಸಿಟ್ಟು ಅವನಿಗೆ ಆಗ ಬಂದಿತ್ತು.

“ಲೇ, ಕೆಂಪು ಯಾಕ್ಲೇ ಹಚ್ಚಿದಿ? ಪಾಲಯ್ಯನ ಕುರಿಗೆ ಪಟ್ಟೆ ಐತೆ ಅಂತ ಊರೆಲ್ಲ ಗೊತ್ತು, ನಿನಗೆ ಗೊತ್ತಿಲ್ಲಾ? ಹಚ್ಚಾಕೆ ಮುಂಚೆ ನನ್ನೊಂದ್ ಮಾತು ಕೇಳಾಕೆ ಏನಾಗಿತ್ತು? ನೀನು ಆ ಸಂದಿನಾಗೆ ಬಿದ್ದಿದ್ರೆ ನಿಮ್ಮವ್ವಗೆ ನಾನೇನ್ ಹೇಳ್ಲಿ? ಆ ಮರಿ ಎತ್ತಾಕೆ ಒಳಗೆ ಯಾಕೆ ಕೈ ಹಾಕಿದಿ? ಕಾಲು ಮುರಿದಿದ್ರೆ?”

ಒಂದೊಂದು ಪ್ರಶ್ನೆಗೂ ನನ್ನಲ್ಲಿ ಉತ್ತರವಿತ್ತು. ಆದರೆ ಅವು ಒಂದರ ಮೇಲೊಂದು ಬರುತ್ತಿದ್ದವು, ಬಾಯಿಯ ಸಂದು ಚಿಕ್ಕದು. ನಾನು ಮುದ್ದೆ ಮುರಿದು ಸಾರಿಗೆ ಅದ್ದುತ್ತಿದ್ದೆ. ಅದ್ದಿದ್ದು ತಟ್ಟೆಗೇ ಬೀಳುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಕೈ ನಡುಗುತ್ತಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಬೆರಳಿಗೆ ಬೆಳಗಿನ ಕೆಂಪು ಬಣ್ಣ ಮೆತ್ತಿತ್ತು.

ಅತ್ತೆ ಇನ್ನೊಂದು ಮುದ್ದೆ ಬಡಿಸಲು ಎತ್ತಿದ್ದವಳು ನನ್ನ ಕೈ ನೋಡಿದಳು. ಎತ್ತಿದ ಮುದ್ದೆಯನ್ನು ಮೆಲ್ಲಗೆ ಪಾತ್ರೆಗೇ ಇಳಿಸಿದಳು. ಗಂಡನ ಕಡೆ ತಿರುಗಿದಳು.

“ಏನ್ರೀ, ಸ್ವಲ್ಪ ಮೆಲ್ಲಕೆ. ಹುಡುಗನ ಕೈ ನೋಡ್ರಿ.”

ಮಾವ ನೋಡಿದ. ಬಾಯಿಗೆ ಬಂದಿದ್ದ ಇನ್ನೊಂದು ಪ್ರಶ್ನೆಯನ್ನು ನುಂಗಿದ. ಒಂದೇ ಒಂದನ್ನು ಕಳಿಸಿದ: “ನೀರು ಕುಡೀತೀಯೇನೋ?”

ಆ ಬುಧವಾರದ ದಿನಚರಿ ಚಿಕ್ಕದು. ಕುರಿಗಳ ಎಣಿಕೆ ಅದರಲ್ಲಿಲ್ಲ, ತಂಡಗಳ ಲೆಕ್ಕವೂ ಇಲ್ಲ. ಕೊನೆಯ ಹಾಳೆ 
ತೆರೆದು ಎರಡು ಕಾಲಂ ಮಾತ್ರ ತುಂಬಿದ್ದೇನೆ. ಸಾಕು ಅಂದದ್ದು: ಸೊನ್ನೆ. ನಿಂತದ್ದು: ಎರಡು.